ನಿಕನೋರಾ ಮೇಡಂ ಮಾಡಿಸಿದ ಬೀಗತನ

ಮುಖ್ಯೋಪಾಧ್ಯಾಯಿನಿಯಾಗಿದ್ದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ನಿಕನೋರಾ ಚಾಂಪಿಯವರು ತಮ್ಮದೇ ಶಾಲೆಯ ಯಾವ ತರಗತಿಗೂ ಬಾಗಿಲು ತಟ್ಟದೆ ಕಾಲಿಟ್ಟವರಲ್ಲ. ಬಾಗಿಲು ಹಾರುಹೊಡೆದು ತೆರೆದಿದ್ದರೂ ಚೌಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಒಳಗಿನಿಂದ ಅಪ್ಪಣೆಯಾಗುವವರೆಗೆ ಹೊಸ್ತಿಲಾಚೆ ನಿಂತಿರುತ್ತಿದ್ದರು. ಅಪ್ಪಣೆ ಕೊಡಬೇಕಾದವರು ಮಕ್ಕಳೇ ಹೊರತು ಮೇಷ್ಟರಲ್ಲ. ನಾನು ಕರಾವಳಿಯ ಲಿಮಾದಿಂದ ಬೆಟ್ಟದ ಮೇಲಿನ ಈ ಉರ್ಪಿಪಾಟಾಕ್ಕೆ ವರ್ಗವಾಗಿ ಬಂದ ಮೊದಲ ವಾರದಲ್ಲೇ ಒಂದನೇ ತರಗತಿಯ ಪುಟಾಣಿಯೊಬ್ಬಳು ಒಳಗಿನಿಂದ, "ಈಗ ಬೇಡ ಮೇಡಂ, ಕೂಡೋ ಲೆಕ್ಕ ಮಾಡ್ತಿದ್ದೀವಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಎಂದು ಕೂಗಿದ್ದನ್ನೂ, ಮೇಡಂ "ಆಗಲಮ್ಮ" ಎಂದು ಆ ಕೊರೆಯುವ ಗಾಳಿಯಲ್ಲಿ ಅಂಗಳಕ್ಕೆ ಹಿಂತಿರುಗಿ ಅಡ್ಡಾಡುತ್ತಿದ್ದುದನ್ನೂ ಕಣ್ಣಾರೆ ಕಂಡೆ. ಮುಖ್ಯೋಪಾಧ್ಯಾಯರ ಬೂಟಿನ ಸದ್ದು ಕೇಳಿದರೆ ಮೇಷ್ಟರುಗಳೇ ಮೇಜಿನಡಿ ಸೇರಬೇಕೆನ್ನುವಂಥ ಶಾಲೆಗಳಲ್ಲಿ ಪಳಗಿ ಬಂದವನು ನಾನು. ಈ ಹೆಂಗಸಿಗೆ ಎಲ್ಲೋ ಒಂದು ಮೊಳೆ ಸಡಿಲವಿದೆ ಎಂದುಕೊಂಡೆ. ಒಂದು ವರ್ಷ ಹೇಗೋ ತಳ್ಳಿ ಸಮುದ್ರದ ಕಡೆಗೆ ಇಳಿದುಹೋಗುವ ಲೆಕ್ಕಾಚಾರವಿತ್ತು. ಹನ್ನೊಂದು ವರ್ಷ ಅಲ್ಲೇ ಉಳಿದೆ.

ಅವರ ನಡಿಗೆಯಲ್ಲಿ ಅವಸರವೆಂಬುದಿರಲಿಲ್ಲ. ಬೆಟ್ಟದಾಚೆಯ ಕಣಿವೆಯ ಬೇಕರಿಯವನ ಮಗಳು. ಆರನೇ ವಯಸ್ಸಿನಿಂದ ತಲೆಯ ಮೇಲೆ ಬ್ರೆಡ್ಡಿನ ತಟ್ಟೆ ಹೊತ್ತು ಮನೆಮನೆಗೆ ಮಾರಿದವರಾದ್ದರಿಂದ ಅರವತ್ತರ ಅಂಚಿನಲ್ಲೂ ಕತ್ತು ನೆಟ್ಟಗೆ, ಹೆಜ್ಜೆ ಚಿಕ್ಕದು, ದೃಷ್ಟಿ ನೇರ. ತಟ್ಟೆ ಇನ್ನೂ ಇಳಿದಿಲ್ಲವೇನೋ ಅನ್ನಿಸುತ್ತಿತ್ತು. ಮೈಮೇಲೆ ದಿವಂಗತ ತಂದೆಯ ಕಂದು ಉಣ್ಣೆಯ ಕೋಟು, ಅದರ ತೋಳುಗಳಿಂದ ಬೆರಳ ತುದಿಗಳಷ್ಟೇ ಹೊರಗಿಣುಕುತ್ತಿದ್ದವು. ಬಲಜೇಬಿನಲ್ಲಿ ಸೀಮೆಸುಣ್ಣ, ಎಡಜೇಬಿನಲ್ಲಿ ಸದಾ ಒಂದೆರಡು ಬನ್ನು. ಚಾವಡಿಯಲ್ಲಿ ಕೂತ ಪಡ್ಡೆಗಳು "ಮೇಡಂ ಜೇಬಿಗೆ ಇಲಿ ಬಿಟ್ರೆ ವರ್ಷಗಟ್ಲೆ ಹೊರಗೇ ಬರಲ್ಲ ಕಣ್ರೋ" ಎಂದು ಕಿಸಿಯುತ್ತಿದ್ದರೆ, ನಿಲ್ಲದೆ ನಡೆಯುತ್ತಲೇ "ನಿಮ್ಮನ್ನ ಆರು ವರ್ಷ ಸಾಕಿದ್ದೂ ಇದೇ ಜೇಬು" ಎಂದು ಹೇಳಿ ಹೋಗುತ್ತಿದ್ದರು.

ಇನ್ನು ಅವರ ಮಾತು. ದೂರು ಹೊತ್ತು ಬಂದವರು ಯಾರೇ ಆಗಲಿ, ಅವರಿಗೆ ಸಿಗುತ್ತಿದ್ದುದು 'ಆಮೇಲೆ?' ಎಂಬ ಒಂದೇ ಪದ.

"ಮೇಡಂ, ಅವನು ನನಗೆ ಹೊಡೆದ."

"ಆಮೇಲೆ?"

"ನಾನೂ ಹೊಡೆದೆ."

"ಆಮೇಲೆ?"

"ಅವನು ಅತ್ತ. ನಾನೂ ಅತ್ತೆ."

"ಆಮೇಲೆ?"

"ಆಮೇಲೆ ಗಂಟೆ ಹೊಡೀತು, ಇಬ್ರೂ ಸಾರು ಕುಡಿಯೋಕೆ ಹೋದ್ವಿ."

ದೂರು ತಾನಾಗಿ ಸತ್ತುಹೋಗುವವರೆಗೆ ಕೇಳುವ ಈ ಸಹನೆ ನನಗಂತೂ ಇಲ್ಲ. ಎರಡನೇ 'ಆಮೇಲೆ'ಗೇ ನಾನು ಬೆತ್ತ ಹುಡುಕುವ ಪೈಕಿ.

ಉರ್ಪಿಪಾಟಾದಲ್ಲಿ ಮೇಲ್ಕೇರಿ, ಕೆಳಕೇರಿ ಎಂದು ಎರಡು. ನಡುವೆ ನಮ್ಮ ಶಾಲೆ. ಹಿಮದ ಬೆಟ್ಟದಿಂದ ಇಳಿಯುವ ಒಂದೇ ಕಾಲುವೆ ಮೊದಲು ಮೇಲ್ಕೇರಿಯ ಹೊಲಗಳನ್ನು ಮುಟ್ಟಿ, ಮಿಕ್ಕಿದ್ದು ಕೆಳಕೇರಿಗೆ ಹರಿಯುವುದರಿಂದ ಎರಡು ಕೇರಿಗಳದೂ ಎಣ್ಣೆ ಸೀಗೆಕಾಯಿ ಸಂಬಂಧ. ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ಆಚೆ ಕೇರಿಯವರನ್ನು ಬೈಯಲು ಕಲಿತು ಶಾಲೆಗೆ ಬರುತ್ತಿದ್ದರು. ಆದರೆ ಎರಡು ಕೇರಿಗಳೂ ತಲೆಬಾಗುವ ಒಂದು ಕಟ್ಟಳೆಯಿತ್ತು. ಮಗುವಿನ ನಾಮಕರಣದಲ್ಲಿ ತಲೆಗೆ ಪವಿತ್ರಜಲ ಹಾಕಿಸುವಾಗ ಮಗುವನ್ನು ಎತ್ತಿಕೊಂಡವರು ಹೆತ್ತವರಿಗೆ ಬೀಗರಾಗುತ್ತಾರೆ; ಬೀಗರಾದವರು ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯುವಂತಿಲ್ಲ, ಕೈಯಂತೂ ಎತ್ತುವಂತೆಯೇ ಇಲ್ಲ, ಎತ್ತಿದರೆ ಆ ವರ್ಷ ಆಲಿಕಲ್ಲು ಬಿದ್ದು ಜೋಳ ನಾಶವಾಗುತ್ತದೆ. ನವೆಂಬರಿನ ಮೊದಲ ದಿನ, ಹಿರಿಯರ ಹಬ್ಬದಲ್ಲಿ, ಕೂಸಿನ ಆಕಾರದ ಬ್ರೆಡ್ಡುಗಳನ್ನು ಬೇಯಿಸಿ, ಯಾರಿಗಾದರೂ ಪಾದ್ರಿಯ ವೇಷ ಹಾಕಿಸಿ, ಆ ಕೂಸಿಗೂ ಹೆಸರಿಟ್ಟು ಬೀಗರಾಗಿ ನಗುವುದು ಕಣಿವೆಯ ಹಳೆಯ ವಿನೋದ. ಆ ವಿನೋದವನ್ನು ಶಾಲೆಯೊಳಕ್ಕೆ ತಂದು ವರ್ಷದ ಹನ್ನೆರಡು ತಿಂಗಳೂ ನಡೆಸಿದವರು ನಿಕನೋರಾ ಮೇಡಂ.

ಹೊಡೆದಾಡಿದ ಇಬ್ಬರಿಗೆ ಮುಖ ತೊಳೆಸಿ, ಅಡುಗೆಕೋಣೆಯ ಬೆಂಚಿನ ಮೇಲೆ ಕೂರಿಸಿ, ಎಡಜೇಬಿನಿಂದ ಒಂದು ಬನ್ನು ತೆಗೆದು, ಸುಟ್ಟ ಬೆಂಕಿಕಡ್ಡಿಯಿಂದ ಅದಕ್ಕೆ ಎರಡು ಕಣ್ಣು, ಒಂದು ಬಾಯಿ ಬರೆಯುತ್ತಿದ್ದರು. ಏಟು ತಿಂದವನು ಕೂಸಿನ ಅಪ್ಪ, ಏಟು ಕೊಟ್ಟವನು ಎತ್ತಿಕೊಳ್ಳುವವನು. ಹಾದಿಯಲ್ಲಿ ಹೋಗುತ್ತಿದ್ದ ಮೂರನೆಯವನೊಬ್ಬ ಪಾದ್ರಿಯಾಗಿ, ಬಾಯಿಗೆ ಬಂದದ್ದನ್ನು ಮಂತ್ರವೆಂದು ಗೊಣಗಿ, ಹೂವದ್ದಿದ ನೀರನ್ನು ಚಿಮುಕಿಸಿ, ಇಟ್ಟ ಹೆಸರನ್ನು ಕೂಗಿದ ಮೇಲೆ ಬನ್ನನ್ನು ಎರಡಾಗಿ ಮುರಿದು ಇಬ್ಬರೂ ತಿನ್ನಬೇಕು. ಕೂಸು ಹೊಟ್ಟೆಗೆ ಹೋಗುತ್ತಿತ್ತು, ಬೀಗತನ ಉಳಿಯುತ್ತಿತ್ತು. ನಮ್ಮ ಆಟದ ಮೈದಾನದಲ್ಲಿ ಏಳು ವರ್ಷದ ಪೋರರು "ಬೀಗ್ರೇ, ಚೆಂಡು ಈ ಕಡೆ ಒದೀರಿ" ಎಂದೂ, "ಬೀಗ್ರೇ, ನಿಮ್ಮ ಮೂಗು ಸೋರ್ತಿದೆ, ಒರೆಸ್ಕೊಳ್ಳಿ" ಎಂದೂ ಗಂಭೀರವಾಗಿ ಹೇಳಿಕೊಳ್ಳುವುದನ್ನು ಕೇಳಿ ಹೊಸಬರು ಬಿದ್ದು ಬಿದ್ದು ನಗುತ್ತಿದ್ದರು.

ನಾನೂ ನಕ್ಕಿದ್ದೆ, ನನ್ನ ಸರದಿ ಬರುವವರೆಗೆ. ಆರನೇ ತರಗತಿಯ ಇಲಾರಿಯೋ ತಿತೋ ಮೇಷ್ಟರಿಗೂ ನನಗೂ ಶಾಲೆಯ ಏಕೈಕ ಗ್ಲೋಬಿನ ವಿಷಯಕ್ಕೆ ಏಪ್ರಿಲಿನಲ್ಲಿ ಮಾತು ಬೆಳೆದು, ನಾಲ್ಕು ತಿಂಗಳು ಮುಖ ಊದಿಸಿಕೊಂಡು ಓಡಾಡಿದೆವು. ಒಂದು ದಿನ ಮೇಡಂ ಇಬ್ಬರನ್ನೂ ಅಡುಗೆಕೋಣೆಗೆ ಕರೆದರು. ಮೇಜಿನ ಮೇಲೆ ಕಣ್ಣು ಬರೆದ ಬನ್ನು ಕಾದಿತ್ತು.

"ಮೇಡಂ, ನಾವೇನು ಮಕ್ಕಳಲ್ಲ" ಎಂದೆ.

"ಗೊತ್ತು ಮೇಷ್ಟ್ರೇ. ಮಕ್ಕಳಾಗಿದ್ರೆ ಏಪ್ರಿಲಿನಲ್ಲೇ ಮುಗೀತಿತ್ತು."

ಮೂರನೇ ತರಗತಿಯ ಹುಡುಗಿಯೊಬ್ಬಳು ನಮಗೆ ಪಾದ್ರಿಯಾದಳು. ನಾಚಿಕೆಯಿಂದ ನನ್ನ ಕಿವಿ ಕೆಂಪಾಗಿದ್ದುದು ನಿಜ. ಆದರೆ ಇಲಾರಿಯೋ ಆ ಒಣ ಬನ್ನನ್ನು ನಿಜವಾದ ಕೂಸೆಂಬಂತೆ, ಕತ್ತಿನ ಹಿಂದೆ ಕೈಯಿಟ್ಟು ಎತ್ತಿಕೊಂಡಾಗ ನನಗೆ ನಗು ತಡೆಯಲಾಗಲಿಲ್ಲ. ಇವತ್ತಿಗೂ ಅವರು ನನಗೆ ಬೀಗರೇ.

ಮೇಡಂ ನಿವೃತ್ತರಾಗುವ ವರ್ಷ ಕುಸ್ಕೋದ ಶಿಕ್ಷಣ ಕಚೇರಿಯಿಂದ ಉತ್ತಮ ಶಾಲಾ ವಾತಾವರಣ ಬೆಳೆಸಿದ ಶಿಕ್ಷಕರ ಸನ್ಮಾನಕ್ಕೆ ಅರ್ಜಿ ಕರೆದರು. ಮೇಡಂ ತಾವಾಗಿ ಅರ್ಜಿ ಹಾಕುವ ಪೈಕಿಯಲ್ಲ; ಇಲಾರಿಯೋ ಮತ್ತು ನಾನು ಫಾರಂ ತುಂಬಲು ಕೂತೆವು. 'ತಾವು ಅನುಸರಿಸಿದ ವಿಧಾನ' ಎಂಬಲ್ಲಿಗೆ ಬಂದಾಗ ಅವರನ್ನೇ ಕೇಳಿದೆ.

"ಬನ್ನು ಅಂತ ಬರೀರಿ."

"ಮೇಡಂ, ಇಲ್ಲಿ ಹತ್ತು ಸಾಲು ಜಾಗ ಇದೆ."

"ಹಾಗಾದ್ರೆ ದೊಡ್ಡಕ್ಷರದಲ್ಲಿ ಬರೀರಿ."

ನಾನು ಪರಸ್ಪರ ಗೌರವ, ಸಾಮುದಾಯಿಕ ಪರಂಪರೆ, ಸಂಘರ್ಷ ಪರಿಹಾರ ಎಂದೆಲ್ಲ ಹತ್ತು ಸಾಲು ತುಂಬಿಸಿದೆ. ಅಕ್ಟೋಬರಿನಲ್ಲಿ ಆಯ್ಕೆಯಾದ ಪತ್ರ ಬಂತು. ನವೆಂಬರಿನಲ್ಲಿ ಶಾಲೆಯ ಅಂಗಳದಲ್ಲೇ ಸನ್ಮಾನವೆಂದು ನಿಶ್ಚಯವಾಯಿತು.

ಪತ್ರ ಬಂದ ಅಕ್ಟೋಬರಿನಲ್ಲೇ ಮಳೆ ಕೈಕೊಟ್ಟಿತು. ಜೋಳ ಬಿತ್ತಿದ ಮೇಲ್ಕೇರಿಯವರು ಕಾಲುವೆಯ ತೂಬನ್ನು ಐದು ದಿನ ಮುಚ್ಚಿದರು; ಆರನೆಯ ದಿನ ಕೆಳಕೇರಿಯವರು ಗುದ್ದಲಿ ಹಿಡಿದು ಹೋಗಿ ಅದನ್ನು ಮುರಿದರು; ಆ ನೂಕುನುಗ್ಗಲಿನಲ್ಲಿ ಮೇಲ್ಕೇರಿಯ ಮೆಲಿತೋನ್ ಸುಲ್ಕಾನ ತಮ್ಮನ ಕೈ ಮುರಿಯಿತು. ಮಾರನೆಯ ಬೆಳಿಗ್ಗೆ ಕೆಳಕೇರಿಯಿಂದ ಒಂದು ಮಗುವೂ ಶಾಲೆಗೆ ಬರಲಿಲ್ಲ. ಕೆಳಕೇರಿಯ ಮುಂದಾಳು ಸತುರ್ನಿನೋ ಔಕಪೂಮಾ ಮನೆಮನೆಗೆ ಹೋಗಿ, ನಮ್ಮದೇ ಬೇರೆ ಶಾಲೆ ಮಾಡಿಕೊಳ್ಳೋಣ, ಸರ್ಕಾರಕ್ಕೆ ಅರ್ಜಿ ಕೊಡೋಣ ಎಂದು ಹೇಳಿಬಂದಿದ್ದ. ಭಾನುವಾರದ ಊರಸಭೆಯಲ್ಲಿ ತೀರ್ಮಾನವಾಗಬೇಕಿತ್ತು.

ನಡುವೆ ಬ್ರೆಡ್ಡಿನ ಕೂಸುಗಳ ಹಬ್ಬ ಬಂತು. ಮೇಡಂ ಎಂದಿನಂತೆ ಎಲ್ಲ ಮಕ್ಕಳ ಲೆಕ್ಕಕ್ಕೇ ಕೂಸುಗಳನ್ನು ಬೇಯಿಸಿ ತರಿಸಿದ್ದರು. ಅರ್ಧ ಬೆಂಚುಗಳು ಖಾಲಿ. ಮೇಲ್ಕೇರಿಯ ಮಕ್ಕಳು ತಮ್ಮ ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು, ಬೀಗರೇ ಇಲ್ಲದೆ ಯಾರೊಡನೆ ಆಡಬೇಕೆಂದು ತಿಳಿಯದೆ ಕೂತಿದ್ದರು. ಎತ್ತುವವರಿಲ್ಲದ ಅರವತ್ತುಮೂರು ಕೂಸುಗಳು ಮೇಜಿನ ಮೇಲೆ ಸಾಲಾಗಿ ಮಲಗಿದ್ದವು.

"ಮೇಷ್ಟ್ರೇ, ಶಾಲೆ ಎರಡಾದ್ರೆ ಈ ಮಕ್ಕಳು ಇನ್ನು ಯಾವತ್ತೂ ಒಟ್ಟಿಗೆ ಕೂರಲ್ಲ. ನನಗೆ ಹೆದರಿಕೆ ಆಗ್ತಿದೆ" ಎಂದರು ಮೇಡಂ. ಅವರ ಬಾಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು.

"ಸಭೆಯಲ್ಲಿ ನೀವೇ ಎದ್ದು ಹೇಳಿ, ನಿಮ್ಮ ಮಾತು ಕೇಳ್ತಾರೆ."

"ನಾನು ಆಚೆ ಕಣಿವೆಯವಳು. ಊರಸಭೇಲಿ ಹೊರಗಿನವರು ಬಾಯಿ ತೆರೆಯೋ ಹಾಗಿಲ್ಲ."

ಕಟ್ಟಳೆ ಹಾಗೆಯೇ ಇತ್ತು, ಅದನ್ನು ಮುರಿಯುವವರು ಅವರಲ್ಲ. ಭಾನುವಾರ ಬೆಳಿಗ್ಗೆ ನಾವಿಬ್ಬರು ಹೊರಗಿನವರು ಸಭಾಮನೆಯ ಗೋಡೆಯ ಬದಿಯ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆವು. ಮೇಡಂ ಕೈ ಎರಡೂ ಕೋಟಿನ ಜೇಬಿನಲ್ಲಿದ್ದವು. ಪಕ್ಕದಲ್ಲಿದ್ದ ನನಗೆ ಎಡಜೇಬಿನೊಳಗೆ ಬನ್ನು ಪುಡಿಯಾಗುವ ಸಣ್ಣ ಸದ್ದು ಕೇಳುತ್ತಿತ್ತು.

ಸತುರ್ನಿನೋ ಎದ್ದು ನಿಂತ. ಮೂವತ್ತಾರು ದಾಟಿದ, ಎತ್ತಿನಂಥ ಕತ್ತಿನ ಆಳು.

"ನಮ್ಮ ಮಕ್ಕಳು ನಮ್ಮ ಕೇರೀಲೇ ಓದ್ಲಿ. ನೀರು ಕದಿಯೋರ ಮಕ್ಕಳ ಪಕ್ಕ ಯಾಕೆ ಕೂರ್ಬೇಕು?"

ಎದುರು ಸಾಲಿನಿಂದ ಮೆಲಿತೋನ್ ಟೋಪಿ ಕಿತ್ತೆಸೆದು ಎದ್ದ. "ಕದ್ದೋರು ಯಾರು, ಮುರಿದೋರು ಯಾರು? ನನ್ನ ತಮ್ಮ ಕೈ ಕಟ್ಕೊಂಡು ಮನೇಲಿ ಬಿದ್ದಿದ್ದಾನೆ. ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವೇನ್ರೀ ಬೀಗ್ರೇ?"

ಸತುರ್ನಿನೋ ಬೆರಳೆತ್ತಿ ಗುಡುಗಿದ. "ನೋಡಿ ಬೀಗ್ರೇ, ನೀವು ನನ್ನನ್ನ..."

ಅಲ್ಲಿಗೆ ನಿಂತ. ತಮ್ಮ ಬಾಯಿಂದ ಬಂದ ಪದ ಇಬ್ಬರಿಗೂ ಆಗಷ್ಟೇ ಕೇಳಿಸಿತು. ಇಪ್ಪತ್ತಾರು ವರ್ಷಗಳ ಹಿಂದೆ, ಒಬ್ಬನ ಹಲ್ಲು ಮುರಿದು ಇನ್ನೊಬ್ಬನ ತುಟಿ ಸೀಳಿದ್ದ ದಿನ, ಶಾಲೆಯ ಅಡುಗೆಕೋಣೆಯಲ್ಲಿ ತಿಂದ ಬನ್ನು ಇಬ್ಬರ ನಾಲಗೆಯ ಮೇಲೂ ಉಳಿದುಬಿಟ್ಟಿತ್ತು. ಕೋಪ ತಲೆಗೇರಿದರೂ ನಾಲಗೆ ರೂಢಿ ತಪ್ಪಿರಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಸತುರ್ನಿನೋನ ತಾಯಿ ಫೋರ್ತುನಾತಾ ಕೋಲೂರಿ ಎದ್ದಳು.

"ಲೋ, ಬೀಗರಿಗೆ ಬೆರಳು ತೋರಿಸ್ತೀಯಾ? ಇಳಿಸೋ ಬೆರಳು! ಮಳೆ ಹೋಗಿರೋದು ಸಾಲ್ದೂಂತ ಆಲಿಕಲ್ಲು ಬೇರೆ ತರಿಸ್ಬೇಕಾ? ಅವತ್ತು ಶಾಲೆ ಅಡುಗೆಕೋಣೇಲಿ ಆ ನಿಮ್ಮ ಕೂಸಿಗೆ ಕೋಸಿನೆಲೆ ಟೋಪಿ ಇಟ್ಟೋಳು ನಾನು. ಬೇಡ ಅಂದ್ರೂ ಕೇಳ್ದೆ ಟೋಪಿ ಸಮೇತ ತಿಂದ್ರಿ ಇಬ್ರೂ!"

ಸಭೆ ಗೊಳ್ಳೆಂದಿತು. ನಗು ಇಳಿಯುವ ಮೊದಲೇ ಮೇಲ್ಕೇರಿಯ ಒಬ್ಬ ಎದ್ದು, "ಹಾಗಾದ್ರೆ ನನ್ನ ಹೆಬ್ಬೆರಳು ಕಚ್ಚಿದ ಬೀಗ್ರು ಎಲ್ಲಿ?" ಎಂದ. "ಇಲ್ಲೇ ಇದ್ದೀನಿ ಬೀಗ್ರೇ, ಕಂಬದ ಹಿಂದೆ" ಎಂದಿತೊಂದು ಧ್ವನಿ. ಜನ ಸಾಲು ಬಿಟ್ಟು ಕತ್ತು ಹೊರಳಿಸಿ ಹುಡುಕತೊಡಗಿದರು. ಒಬ್ಬರಿಗೊಬ್ಬರು ಸಿಗುತ್ತಾ ಹೋದರು. ನಲವತ್ತರ ಒಳಗಿನವರಲ್ಲಿ ಆಚೆ ಕೇರಿಯಲ್ಲೊಬ್ಬ ಬೀಗರಿಲ್ಲದವರು ಆ ಮನೆಯಲ್ಲಿ ವಿರಳವಾಗಿದ್ದರು. ಶಾಂತ ಸ್ವಭಾವದವರಷ್ಟೇ ನಷ್ಟಪಟ್ಟಿದ್ದರು.

ಅಧ್ಯಕ್ಷರು ಬೇರೆ ಶಾಲೆ ಬೇಕೆನ್ನುವವರು ಕೈಯೆತ್ತಿ ಎಂದಾಗ ಮೇಡಂ ಬರುವ ಮುಂಚೆಯೇ ಓದು ಮುಗಿಸಿದ್ದ ಹದಿನಾಲ್ಕು ಮುದುಕರ ಕೈಗಳು ಮೇಲೆದ್ದವು. ಬೇಡವೆನ್ನುವವರನ್ನು ಎಣಿಸುವ ಪ್ರಮೇಯವೇ ಬರಲಿಲ್ಲ. ಸತುರ್ನಿನೋ ಯಾವುದಕ್ಕೂ ಕೈಯೆತ್ತದೆ ಮೆಲಿತೋನ್‌ನ ಬಳಿಗೆ ಹೋಗಿ, "ಮಕ್ಕಳನ್ನ ನಾಳೆ ಕಳಿಸ್ತೀವಿ. ನೀರಿನ ವಿಷಯ ಮಾತ್ರ ನಾನು ಬಿಡಲ್ಲ ಬೀಗ್ರೇ" ಎಂದ. "ಬಿಡಬೇಡಿ ಬೀಗ್ರೇ, ನಾನೂ ಬಿಡಲ್ಲ" ಎಂದ ಅವನು. ಆ ವ್ಯಾಜ್ಯ ಇಂದಿಗೂ ನಡೆದಿದೆ, ಬಹುವಚನದಲ್ಲಿ. ನನ್ನ ಪಕ್ಕದಲ್ಲಿ ಮೇಡಂ ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ಹೆಮ್ಮೆ ನನಗೆ ನನ್ನ ಸ್ವಂತ ಯಾವ ಕೆಲಸದ ಬಗೆಗೂ ಆಗಿಲ್ಲ.

ಶುಕ್ರವಾರದ ಸನ್ಮಾನಕ್ಕೆ ಎರಡು ಕೇರಿಗಳೂ ತಮ್ಮ ತಮ್ಮ ವಾದ್ಯದವರನ್ನು ತಂದು, ಬಿಟ್ಟುಕೊಡಲೊಪ್ಪದೆ, ಎರಡು ಬೇರೆ ರಾಗಗಳನ್ನು ಏಕಕಾಲಕ್ಕೆ ಊದಿಸಿದರು. ಕುಸ್ಕೋದಿಂದ ಬಂದ ಅಧಿಕಾರಿಗಳು ಓದಿದ ಅಭಿನಂದನಾ ಪತ್ರದಲ್ಲಿ ನನ್ನ ಹತ್ತು ಸಾಲುಗಳಿದ್ದವಂತೆ, ಒಂದು ಪದವೂ ಕೇಳಿಸಲಿಲ್ಲ. ಕೊರಳ ತುಂಬ ಹೂಮಾಲೆ, ತಲೆಯ ತುಂಬ ಬಣ್ಣದ ಕಾಗದದ ಚೂರು ಹೊತ್ತು ಮೇಡಂ ನೆಟ್ಟಗೆ ಕೂತಿದ್ದರು. ನಾನು ಅವರ ಕಿವಿಯ ಬಳಿ ಬಾಗಿ ಕೂಗಿದೆ. "ಅವತ್ತು ಆ ಇಬ್ಬರ ಕೈಗೆ ಬನ್ನು ಕೊಡುವಾಗ, ಮುಂದೊಂದು ದಿನ ಹೀಗಾಗುತ್ತೆ ಅಂತ ನಿಮಗೆ ಹೊಳೆದಿತ್ತಾ ಮೇಡಂ?"

"ಎಲ್ಲಿಯ ಹೊಳೆಯೋದು ಮೇಷ್ಟ್ರೇ! ಮಧ್ಯಾಹ್ನದ ಗಂಟೆವರೆಗೆ ಇಬ್ರೂ ಮತ್ತೆ ಹೊಡೆದಾಡದಿದ್ರೆ ಸಾಕಾಗಿತ್ತು ನಂಗೆ."

ನಾಳಿನ ನಾಡನ್ನು ಕಟ್ಟುತ್ತೇವೆ, ಹೊಸ ಮನುಷ್ಯನನ್ನು ರೂಪಿಸುತ್ತೇವೆ ಎಂದು ವೇದಿಕೆಯೇರಿ ಸಾರಿದ ವಿದ್ಯಾಧಿಕರನ್ನು ನಾನು ಬಹಳ ಕಂಡಿದ್ದೇನೆ. ಪ್ರಾಯದಲ್ಲಿ ನಾನೂ ಅವರಲ್ಲೊಬ್ಬ. ನಿಕನೋರಾ ಮೇಡಂ ಬಗೆಯ ಗುರುಗಳು ಅಷ್ಟು ದೂರಕ್ಕೆ ಕಣ್ಣು ಹಾಯಿಸುವವರಲ್ಲ. ತುಟಿ ಸೀಳಿಕೊಂಡು ಎದುರು ನಿಂತ ಇಬ್ಬರು ಮಕ್ಕಳು, ಮಧ್ಯಾಹ್ನದ ಗಂಟೆಗೆ ಇನ್ನೂ ಉಳಿದಿರುವ ಎರಡು ತಾಸು, ಇಷ್ಟೇ ಅವರ ಲೋಕ. ಆ ಎರಡು ತಾಸನ್ನು ಒಳ್ಳೆಯತನದಿಂದ ದಾಟಿಸುತ್ತಾರೆ, ಮರುದಿನ ಇನ್ನೆರಡು ತಾಸು. ಹಾಗೆ ದಾಟಿಸಿದ ತಾಸುಗಳು ಸೇರಿ ಒಂದು ಊರನ್ನು ಉಳಿಸುತ್ತವೆಂಬುದು ಅವರಿಗೂ ಗೊತ್ತಿರುವುದಿಲ್ಲ, ಆ ಊರಿಗೂ ಗೊತ್ತಿರುವುದಿಲ್ಲ, ಬಾಯಿತಪ್ಪಿ ಯಾರಾದರೂ 'ಬೀಗ್ರೇ' ಅನ್ನುವವರೆಗೆ.