ಉಲ್ಟಾ ಪಂಪು

ಬಿಸಿನೀರಿನಲ್ಲಿ ನೆನೆಸಿಟ್ಟಿದ್ದ ಗಿಣಿಯಚ್ಚಿನ ಕೊಕ್ಕಿನ ಸಂದಿಗೆ ಬೇವಿನಕಡ್ಡಿ ಹಾಕಿ ನಾಗಕ್ಕ ಹಳೆಯ ಸಕ್ಕರೆ ಕೆದಕುತ್ತಿದ್ದಳು. ಎರಡು ಹೋಳಿನ ತೇಗದ ಅಚ್ಚು ಅದು. ಹೋಳುಗಳನ್ನು ಜೋಡಿಸಿ, ದಾರ ಸುತ್ತಿ, ಕುದಿಯುವ ಪಾಕ ಹೊಯ್ದರೆ ಗಿಣಿಯಾಗುತ್ತಿತ್ತು. ನವಿಲು, ಆನೆ, ಕಳಸ ಸೇರಿ ಒಟ್ಟು ನಾಲ್ಕು ಜೋಡಿ, ಎಲ್ಲ ಅವಳ ಅವ್ವನ ಕಾಲದವು. ಗೌರಿ ಹುಣ್ಣಿಮೆ ಬಂತೆಂದರೆ ಕೊಟ್ಟೂರಿನಲ್ಲಿ ಸೊಸೆ ಗೊತ್ತು ಮಾಡಿಕೊಂಡ ಮನೆಯವರೆಲ್ಲ ಬೀಗರಿಗೆ ಕಳಿಸುವ ಸಕ್ಕರೆ ಆರತಿಗೆ, ಅಂದರೆ ಈ ಸಕ್ಕರೆ ಗೊಂಬೆಗಳಿಗೆ, ಅವಳ ಬಾಗಿಲಿಗೇ ಬರುತ್ತಿದ್ದರು. ಆ ಒಂದು ತಿಂಗಳ ದುಡಿಮೆಯಲ್ಲೇ ಅವಳ ಅರ್ಧ ವರ್ಷ ಕಳೆಯುತ್ತಿತ್ತು.

ಪಕ್ಕದ ಸೈಕಲ್ ಅಂಗಡಿಯ ಸಿರಾಜುದ್ದೀನನ ಹೆಂಡತಿ ರೋಶನಬಿ ಗೋಡೆಯಾಚೆಯಿಂದ ಕರೆದಳು.

“ನಾಗಕ್ಕಾ, ಬರ್ರಿ. ನಮ್ಮವರ ಪೆಟ್ಟಿಗಿ ತಯಾರಾಗೈತಿ. ಮುಂಜಾನಿಂದ ಒಂದು ತುತ್ತು ಉಂಡಿಲ್ಲ. ನೀವರ ಬಂದು ಬೈರಿ.”

ನಾಗಕ್ಕ ಕೈ ಒರೆಸಿಕೊಂಡು ಎದ್ದಳು. ಈ ಪೆಟ್ಟಿಗೆಗಾಗಿ ಅವಳು ಆಷಾಢದಿಂದ ಕಾದಿದ್ದಳು. ಹಾಗೆ ನೋಡಿದರೆ ಮೂರು ವರ್ಷದಿಂದ.

ಮೂರು ವರ್ಷದ ಹಿಂದೆ ಹೊಳಲಿನಿಂದ ಅವಳ ಅಕ್ಕ ಕನಕಮ್ಮ ಕಾಗದ ಹಾಕಿಸಿದ್ದಳು. ಮೊಮ್ಮಗನಿಗೆ ಹೆಣ್ಣು ಗೊತ್ತಾಗಿದೆ, ಬೀಗರಿಗೆ ಅವ್ವನ ಅಚ್ಚಿನ ಆರತಿಯನ್ನೇ ಕಳಿಸಬೇಕೆಂಬ ಆಸೆ, ಅಚ್ಚು ಕೊಟ್ಟು ಕಳಿಸು ಎಂದು. ಹೋದ ಅಚ್ಚು ತಿರುಗಿ ಬರುತ್ತದೋ ಇಲ್ಲವೋ ಎಂದು ನಾಗಕ್ಕನಿಗೆ ಹೆದರಿಕೆಯಾಯಿತು. ಆಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಯಾರದೋ ಕೈಯಲ್ಲಿ, ಅಚ್ಚಿಗೆ ಗೆದ್ದಲು ಹತ್ತಿ ಹಾಳಾಯಿತು ಎಂದು ಬರೆಸಿದಳು. ಅಕ್ಕ ಜಗಳ ಮಾಡಲಿಲ್ಲ. ‘ಅಚ್ಚು ಹೋದರೆ ಹೋಗಲಿ, ನೀನು ಚೆನ್ನಾಗಿರು’ ಎಂದು ಉತ್ತರ ಬಂತು. ಆ ವರ್ಷವೇ ನಾಗಕ್ಕ ರಾತ್ರಿ ಶಾಲೆಗೆ ಸೇರಿದಳು. ಬರೆಯಲು ಬಂದ ಮೇಲೆ ಒಂದು ಇನ್‌ಲ್ಯಾಂಡ್ ತಂದು, ಹೇಳಿದ್ದು ಸುಳ್ಳು, ಅಚ್ಚು ಗಟ್ಟಿಮುಟ್ಟಾಗಿವೆ ಎಂದು ತಾನೇ ಬರೆದಳು. ಅಚ್ಚನ್ನು ಎಂದು ಕಳಿಸುತ್ತೇನೆ ಎಂಬ ಕಡೆಯ ಸಾಲಿಗೆ ಜಾಗ ಬಿಟ್ಟಿದ್ದಳು. ಕಳಿಸಿದರೆ ತಾನು ಯಾವುದರಲ್ಲಿ ಎರೆಯಬೇಕು? ಅಂಥ ಅಚ್ಚು ಕೊರೆಯುವವರು ಈಗ ಸುತ್ತಲಿನ ಯಾವ ಊರಿನಲ್ಲೂ ಇರಲಿಲ್ಲ. ಕಾಗದ ಸಂದೂಕದಲ್ಲೇ ಉಳಿಯಿತು.

ಸಿರಾಜುದ್ದೀನ ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿ ಪ್ಲಾಸ್ಟಿಕ್ ಆಟಿಕೆ ಮಾಡುವಲ್ಲಿ ಎರಡು ವರ್ಷ ಇದ್ದವನು. ಅಲ್ಲಿ ಕಂಡದ್ದನ್ನು ನೆನಪಿಸಿಕೊಂಡು, ಅವಳ ಅಚ್ಚುಗಳ ನಕಲು ತೆಗೆಯಲು ಈ ಪೆಟ್ಟಿಗೆ ಮಾಡಿದ್ದ. ಮೊಳದುದ್ದದ ಹಲಗೆಪೆಟ್ಟಿಗೆಗೆ ಮೇಲೊಂದು ತಗಡು, ತಗಡಿನ ತುಂಬ ಸಾಸಿವೆಯಷ್ಟು ತೂತು. ಅಂಚಿಗೆ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದ್ದ. ಪಕ್ಕದಲ್ಲಿ ಪಂಪಿನ ಕೊಳವೆ. ತಗಡಿನ ಮೇಲೆ ಅರ್ಧ ಗಿಣಿ ಮಲಗಿತ್ತು, ಅವಳ ಅಚ್ಚಿನಲ್ಲೇ ಪ್ಲಾಸ್ಟರ್ ಪುಡಿ ಕಲಸಿ ಎರೆದದ್ದು.

“ಹಾಳಿ ಬಿಸಿ ಮಾಡಿ ಇದರ ಮ್ಯಾಲ ಹೊದಿಸ್ತೀನಿ, ಅಕ್ಕಾ. ಕೆಳಗಿನ ಗಾಳಿ ಎಳದ್ರ ಗಿಣಿ ಮೈಗೆ ಅಂಟಿಕೊಂತೈತಿ,” ಎಂದ ಅವನು.

ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ಪ್ಲಾಸ್ಟಿಕ್ ಹಾಳೆಯನ್ನು ಇದ್ದಿಲ ಒಲೆಯ ಮೇಲೆ ಹಿಡಿದ. ಹಾಳೆ ಮೆತ್ತಗಾಗಿ ನಡುವೆ ಜೋತುಬಿದ್ದಾಗ ತಂದು ಗಿಣಿಯ ಮೇಲೆ ಒತ್ತಿದ. “ಹೂಂ, ಎಳಿ,” ಎಂದ. ರೋಶನಬಿ ಪಂಪು ಎಳೆದು ಒತ್ತಿದಳು. ಹಾಳೆ ಬುಸ್ಸೆಂದು ಮೇಲಕ್ಕೆ ಉಬ್ಬಿ ನಿಂತಿತು.

“ಪೂರಿ ಆತು ನೋಡ್ರಿ,” ಎಂದಳು ರೋಶನಬಿ. “ಪಲ್ಯ ತರ್ಲೇನು?”

ಸಿರಾಜುದ್ದೀನ ಹಣೆ ಬಡಿದುಕೊಂಡ. ಇಪ್ಪತ್ತು ವರ್ಷ ಗಾಳಿ ತುಂಬಿದ ಕೈ. ಗಾಳಿ ಎಳೆಯಬೇಕಾದ ಪಂಪಿಗೂ ಒಳಗಿನ ತೊಗಲಿನ ಬಟ್ಟಲನ್ನು ರೂಢಿಯಂತೆ ಕೆಳಮುಖವಾಗಿಯೇ ಕೂರಿಸಿತ್ತು. ಪಂಪು ಬಿಚ್ಚಿ, ತೊಗಲನ್ನು ತಿರುಗಿಸಿ, ಎಣ್ಣೆ ಹಚ್ಚಿ, ವಾಲ್‌ಟ್ಯೂಬನ್ನೂ ಉಲ್ಟಾ ಮಾಡಿ ಕೂರಿಸಿದ. ಈ ಸಲ ಎಳೆದಾಗ ಹಾಳೆ ಸುರ್ರೆಂದು ಕೆಳಗಿಳಿದು ಗಿಣಿಯ ಕತ್ತು, ಕಣ್ಣು, ರೆಕ್ಕೆಗೆಲ್ಲ ಒದ್ದೆಬಟ್ಟೆಯಂತೆ ಅಂಟಿತು.

ಆರಿದ ಹಾಳೆಯನ್ನು ರೋಶನಬಿ ಬೆಳಕಿಗೆ ಹಿಡಿದಳು. “ಈ ರೆಕ್ಕಿಗೆ ಒಂದು ಗೆರಿ ಜಾಸ್ತಿ ಐತಲ್ಲ, ನಾಗಕ್ಕಾ?”

“ಅದು ನಮ್ಮಕ್ಕ ಮಾಡಿದ್ದು. ಸಣ್ಣಾಕಿದ್ದಾಗ ಪಾಕ ಆರೂಮಟ ತಡೀಲಿಲ್ಲ, ಅಚ್ಚಿಗೆ ಚೂರಿ ಹಾಕಿ ಎಬ್ಬಿದ್ಲು. ಅವ್ವ ಬಡಿಯಾಕ ಬಂದ್ರ ನನ್ನ ಹೆಸರು ಹೇಳಿದ್ಲು.”

“ಹೊಡ್ತ ನಿಮಗ ಬಿತ್ತೇನು?”

“ಬಿತ್ತು. ಆಮ್ಯಾಲ ತನ್ನ ಪಾಲಿನ ಗಿಣಿ ನನಗ ಕೊಟ್ಲು.” ನಾಗಕ್ಕ ಹಾಳೆಯನ್ನು ಕೈಗೆ ತೆಗೆದುಕೊಂಡಳು. “ಸಿರಾಜಾ, ಪಾಕದ ಬಿಸಿ ತಡೀತೈತೇನು ಇದು?”

“ಕೆಂಡದ ಮ್ಯಾಲ ಹಿಡದ್ರೂ ಸುಟ್ಟಿಲ್ಲ, ಪಾಕ ಯಾವ ಲೆಕ್ಕ?”

ಅವಳಿಗೂ ಅದು ಸರಿಯೆನಿಸಿತು. ಮನೆಗೆ ಹೋಗಿ ಪಾಕ ಕಾಯಿಸಿ, ಹಾಲು ಹಾಕಿ ಕೊಳೆ ತೆಗೆದು, ಗುಳ್ಳೆ ಏಳುತ್ತಿದ್ದಂತೆಯೇ ಪಾತ್ರೆ ತಂದು ಪ್ಲಾಸ್ಟಿಕ್ ಗಿಣಿಯೊಳಗೆ ಹೊಯ್ದಳು. ಮೊದಲು ಕೊಕ್ಕು ಸರಿಯಿತು. ಆಮೇಲೆ ಕತ್ತು, ರೆಕ್ಕೆ. ತಗ್ಗಾಗಿದ್ದ ಹಾಳೆ ನಿಧಾನವಾಗಿ ಮೇಲೆದ್ದು ಸಮನಾಗುತ್ತ ಪಾಕವನ್ನೆಲ್ಲ ಹೊರಗೆ ಚೆಲ್ಲಿತು. ಸ್ವಲ್ಪ ಹೊತ್ತಿಗೆ ಅಲ್ಲಿ ಗಿಣಿ ಇತ್ತೆಂಬ ಗುರುತೂ ಇರಲಿಲ್ಲ.

ರೋಶನಬಿ ಹಾಳೆಯ ಅಂಚು ಹಿಡಿದೆತ್ತಿದಳು.

“ಮೊದ್ಲಿನಂಗ ಬರೇ ಹಾಳಿ ಆಗಿಬಿಡ್ತು,” ಎಂದ ಸಿರಾಜುದ್ದೀನ, ಸಣ್ಣ ದನಿಯಲ್ಲಿ. “ನನ್ನ ತಪ್ಪು, ಅಕ್ಕಾ. ಕೆಂಡಕ್ಕ ಮೆತ್ತಗಾದದ್ದು ಪಾಕಕ್ಕೂ ಆಗ್ತೈತಿ ಅಂತ ಹೊಳೀಲಿಲ್ಲ. ಮುಂದಿನ ವರ್ಷಕ್ಕ ಅಲ್ಯೂಮಿನಿಯಂದಾಗ ಎರಸೋಣು.”

“ನೀ ಏನು ಮಾಡ್ತಿ ತಮ್ಮಾ. ಮುಂದಿನ ವರ್ಷ, ಮುಂದಿನ ವರ್ಷ ಅಂತ ಮೂರು ವರ್ಷ ನಾನೂ ಅಂದೀನಿ.” ನಾಗಕ್ಕ ನೆಲದ ಪಾಕವನ್ನು ಸವುಟಿನಿಂದ ಬಳಿದಳು. “ಅಚ್ಚಿಗೆ ಗೆದ್ದಲು ಹತ್ತೈತಿ ಅಂತ ಅಕ್ಕಗ ಸುಳ್ಳು ಹೇಳೀನಿ. ನಕಲು ಆದಮ್ಯಾಲ ಖರೇ ಹೇಳ್ಬೇಕಂತ ಇದ್ದೆ.”

ನಾಗಕ್ಕ ಮನೆಗೆ ಹೋಗಿ ಸಂದೂಕ ತೆಗೆದಳು. ಹೊಸ್ತಿಲಲ್ಲಿ ಕೂತು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಕಡೆಯ ಸಾಲು ತುಂಬಿಸಿದಳು. ‘ಹುಣ್ಣಿಮೆಗೆ ಎಂಟು ದಿನ ಮುಂಚೆ ನಾನೇ ಅಚ್ಚು ತರುತ್ತೇನೆ. ನಿನ್ನ ಮನೆಯಲ್ಲೇ ಎರೆಯೋಣ. ಆಮೇಲೆ ಅವು ಎಲ್ಲಿರಬೇಕು ಅಂತ ನೀನೇ ಹೇಳು.’

ರೋಶನಬಿ ಹಿಂದೆಯೇ ಬಂದಿದ್ದಳು. “ಈ ಊರಿನವ್ರ ಆರತಿ?”

“ಈ ಸಲ ಹರಪನಹಳ್ಳಿಯಿಂದ ತರಿಸ್ಕೊಳ್ಳಲಿ.”

“ನಿಮ್ಮ ಹೊಟ್ಟಿಗೆ?”

“ನಿಮ್ಮನ್ಯಾಗ ರೊಟ್ಟಿ ಸುಡಂಗಿಲ್ಲೇನು?”

“ಸುಡ್ತೀವಿ. ನಿಮ್ಮಷ್ಟು ತೆಳ್ಳಗ ಆಗಂಗಿಲ್ಲ ಅಷ್ಟ.”

ನಾಗಕ್ಕ ಅಂಚೆ ಕಚೇರಿಗೆ ಹೋದಾಗ ಜವಾನ ಆಗಲೇ ಡಬ್ಬಿ ತೆಗೆದು ಕಾಗದ ಗುಡ್ಡೆ ಹಾಕಿಕೊಂಡಿದ್ದ. ಅವಳು ತನ್ನದನ್ನು ಚಾಚಿದಳು.

“ಕೈಯಾಗ ಇಸ್ಕೊಳಂಗಿಲ್ಲಬೇ. ಡಬ್ಬಿಗೆ ಹಾಕು.”

“ಡಬ್ಬಿ ನೀನ ತಗದಿಯಲ್ಲಪ್ಪಾ.”

ಅವನು ಅವಳನ್ನೊಮ್ಮೆ ನೋಡಿ, ಡಬ್ಬಿಯ ಬಾಗಿಲು ಮುಚ್ಚಿದ. ಅವಳು ಅದರ ಬಾಯಿಯೊಳಗೆ ಕಾಗದ ಹಾಕಿದಳು. ಅವನು ಮತ್ತೆ ಬಾಗಿಲು ತೆಗೆದು, ಅದೊಂದನ್ನೇ ಎತ್ತಿ, ಠಸ್ಸೆ ಹೊಡೆದು ಚೀಲಕ್ಕೆ ಸೇರಿಸಿದ.

ಹೊಳಲಿನ ಕಡೆಗೆ ಹೋಗುವ ಹಡಗಲಿ ಬಸ್ಸು ಹೊರಡುವವರೆಗೂ ನಾಗಕ್ಕ ನಿಲ್ದಾಣದ ಬೇವಿನ ನೆರಳಲ್ಲಿ ನಿಂತಿದ್ದಳು. ಡ್ರೈವರಿನ ಪಕ್ಕ ಟಪಾಲು ಚೀಲ ಇತ್ತು. ಅದಕ್ಕೆ ಒರಗಿ ಯಾರದೋ ಕೂಸು ನಿದ್ದೆ ಮಾಡುತ್ತಿತ್ತು.