ಕೆಂಚಿ ಹಂಡೆಯಲ್ಲ

ಕೊಬ್ಬರಿ ವ್ಯಾಪಾರದ ಹಾಲಸ್ವಾಮಿಯವರ ಹೆಂಡತಿ ಗುರುಶಾಂತಮ್ಮ ಮಗನ ಮದುವೆಗೆ ಕರೆಯಲು ಬಂದಾಗ ನಾನು ಮನೆಯಲ್ಲಿರಲಿಲ್ಲ. ಕೆಂಚಿಯ ಮೇಲೆ ತೆಂಗಿನ ಸಿಪ್ಪೆ ಹೇರಿಕೊಂಡು ನಾರಿನ ಕಾರ್ಖಾನೆಗೆ ಹೋಗಿದ್ದೆ. ಕೆಂಚಿ ನನ್ನ ಕುದುರೆ. ತೋಟದ ಬದುವಿನ ಮೇಲೆ ಟ್ರ್ಯಾಕ್ಟರ್ ಹೋಗುವುದಿಲ್ಲ, ಆಟೋ ಹೋಗುವುದಿಲ್ಲ, ಕೆಂಚಿ ಹೋಗುತ್ತದೆ. ನಮ್ಮ ಮನೆಯ ಒಲೆ ಉರಿಯುವುದು ಅದರ ಬೆನ್ನಿನಿಂದ.

ತಿರುಗಿ ಬಂದಾಗ ಸೊಸೆ ಗಂಗಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು.

"ಅತ್ತೆ, ಗುರುಶಾಂತಮ್ಮೋರೇ ಬಂದಿದ್ರು. ಉಜ್ವಲ್‌ಗೆ ಮದ್ವೆಯಂತೆ. ಎಷ್ಟು ದೊಡ್ಡ ಮನಸು ನೋಡಿ, ನಮ್ಮಂತೋರಿಗೂ ಎರಡು ಕಾಯಿ ಕೊಟ್ರು."

"ಎರಡಾ?"

"ಹೂಂ. ಮೇಲಿಂದು ಕುಂಕುಮ ಹಚ್ಚಿದ್ದು. ಕೆಳಗಿಂದು ಬರೀ ಕಾಯಿ."

ನನಗೆ ಅಲ್ಲಿಯೇ ಮೈ ಉರಿಯಿತು. ಗಂಗಲಕ್ಷ್ಮಿ ಅಮ್ಮಸಂದ್ರದ ಕಡೆಯವಳು, ನಮ್ಮೂರ ರೂಢಿ ಅವಳಿಗೆ ಪೂರ್ತಿ ಗೊತ್ತಿಲ್ಲ. ಕುಂಕುಮದ ಕಾಯಿ ಮದುವೆಗೆ ಕರೆಯುವುದಕ್ಕೆ. ಬರಿಯ ಕಾಯಿ ಎರವಲಿಗೆ. ಮದುವೆ ಮನೆಗೆ ಹಂಡೆಯೋ ಜಮಖಾನವೋ ಬೇಕಾದರೆ ಆ ವಸ್ತು ಇರುವ ಮನೆಯ ಹೆಂಗಸಿನ ಕೈಗೆ ಬರಿಯ ಕಾಯಿ ಕೊಡುತ್ತಾರೆ. ತೆಗೆದುಕೊಂಡರೆ ಕೊಡಲು ಒಪ್ಪಿದಂತೆ. ಮದುವೆ ಮುಗಿದ ಮೇಲೆ ವಸ್ತುವಿನ ಜೊತೆಗೆ ಎಲೆ ಅಡಿಕೆ, ಒಂದು ರವಿಕೆ ಕಣ ಬರುತ್ತದೆ. ಅದನ್ನು ಮುಟ್ಟಿದ ಮೇಲೆ ಹಂಡೆ ಸೊಟ್ಟಗಾಗಿದ್ದರೂ ಬಾಯಿ ಬಿಡುವಂತಿಲ್ಲ.

ಹಾಲಸ್ವಾಮಿಯವರ ಮನೆಯಲ್ಲಿ ಹಂಡೆಗಳಿಗೇನು ಕಡಿಮೆಯಿಲ್ಲ. ನಮ್ಮ ಮನೆಯಲ್ಲಿ ಅವರು ಎರವಲು ಕೇಳುವಂಥದ್ದು ಇರುವುದು ಒಂದೇ.

"ಆ ಬರೀ ಕಾಯಿ ಎಲ್ಲಿ?"

"ಒಡೆದು ಚಟ್ನಿ ಅರೆದೆ. ಯಾಕೆ?"

ತೆಂಗಿನ ಸೀಮೆಯಲ್ಲಿ ಒಂದು ಕಾಯಿ ಹೆಚ್ಚಿಗೆ ಕೊಟ್ಟರೆ ಯಾಕೆಂದು ಯಾರು ಕೇಳುತ್ತಾರೆ? ಅವಳನ್ನು ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಬೈಸಿಕೊಳ್ಳಬೇಕಾದವರು ಬೇರೆ ಇದ್ದರು.

ಹಿಂದಿನ ಮಾಗಿಯಲ್ಲಿ ನನ್ನ ತಮ್ಮ ಬಾಲರಾಜು ಇದೇ ರೀತಿ ಬರಿಯ ಕಾಯಿ ತಂದಿದ್ದ. ಅವನ ಮಗ ಕುದುರೆಯ ಮೇಲೆ ಬರಬೇಕೆಂದು ಹಟ ಹಿಡಿದಿದ್ದನಂತೆ. ಒಡಹುಟ್ಟಿದವನ ಮನೆಯ ಮದುವೆ, ಸಂತೋಷವಾಗಿಯೇ ಕೊಟ್ಟೆ. ಕೆಂಚಿಯನ್ನು ನಾನು ಇವತ್ತಿಗೂ ಬರಿಯ ಹಗ್ಗದಲ್ಲಿ ನಡೆಸುತ್ತೇನೆ. ಮೂಗಿನ ಮೇಲೆ ಒಂದು ಸುತ್ತು, ಅಷ್ಟೇ. ಹುಳಿಯಾರಿನ ಕಡೆಯಿಂದ ಕುರಿ ಹೊಡೆದುಕೊಂಡು ಹೋಗುವವರು ಕಾಲು ಊದಿದ ಕುದುರೆ ಮರಿಯನ್ನು ನಮ್ಮ ಕೆರೆ ಏರಿಯ ಮೇಲೆ ಬಿಟ್ಟು ಹೋಗಿದ್ದರು. ಅದಕ್ಕೆ ಬೇವಿನ ಸೊಪ್ಪಿನ ಶಾಖ ಕೊಟ್ಟು, ಒಂದೊಂದೇ ಹೆಜ್ಜೆ ಇಡಿಸಿ ಎಬ್ಬಿಸಿದ್ದು ನಾನು. 'ಹೋ' ಎಂದರೆ ನಿಲ್ಲುತ್ತದೆ, 'ಬಾ' ಎಂದರೆ ಬರುತ್ತದೆ. ಮದುವೆಯ ಹುಡುಗರಿಗೆ ಅದು ಸಾಲಲಿಲ್ಲ. ಎಲ್ಲಿಂದಲೋ ಕಬ್ಬಿಣದ ಕಡಿವಾಣ ತಂದು ಬಾಯಿಗೆ ತುರುಕಿದರು. ಬಾಲದ ಹತ್ತಿರ ಪಟಾಕಿ ಹಚ್ಚಿದರು. ಮಾರನೆಯ ದಿನ ಬಂದ ಕೆಂಚಿಯ ತುಟಿಯ ಎರಡು ಮೂಲೆಯೂ ಸೀಳಿದ್ದವು. ಹುಲ್ಲಿಗೆ ಮೂತಿ ಇಡುವುದು, ತೆಗೆಯುವುದು. ಗಂಗಲಕ್ಷ್ಮಿ ರಾಗಿ ಗಂಜಿ ಆರಿಸಿ ಲೋಟದಲ್ಲಿ ಹುಯ್ದು ಕುಡಿಸಿದಳು.

ಬಾಲರಾಜುವಿನ ಕಡೆಯಿಂದ ಕುದುರೆಯನ್ನು ತಂದುಬಿಟ್ಟವನು ಹಸಿರು ರವಿಕೆ ಕಣವನ್ನು ಮೊದಲು ನನ್ನ ಕೈಗಿಟ್ಟಿದ್ದ, ಆಮೇಲೆ ಹಗ್ಗ ಕೊಟ್ಟಿದ್ದ. ಕೆಂಚಿಯ ಮುಖ ನೋಡುವ ಹೊತ್ತಿಗೆ ನನ್ನ ಬಾಯಿ ಕಟ್ಟಿಹೋಗಿತ್ತು. ಅಂದಿನಿಂದ ಆ ಸಿಟ್ಟನ್ನು ನುಂಗಿಕೊಂಡೇ ಇದ್ದೆ.

ಈ ಸಲ ನುಂಗುವುದಿಲ್ಲ ಎಂದುಕೊಂಡೆ. ಆದರೆ ನಮ್ಮ ಕೆಂಚಿ ಹೊರುವ ಸಿಪ್ಪೆಯಲ್ಲಿ ಮುಕ್ಕಾಲು ಪಾಲು ಹಾಲಸ್ವಾಮಿಯವರ ಮನೆಯದು. ಅವರ ಅಟ್ಟದ ಕಾಯಿ ಇಳಿಸಿ ಸುಲಿದಾಗಲೆಲ್ಲ ರಾಶಿ ನಮಗೇ ಬಿಡುತ್ತಾರೆ. ಇಲ್ಲ ಎಂದರೆ ಅದು ನಿಲ್ಲುತ್ತದೆ. ಮಗ ರಾಜಣ್ಣ ಸಿಮೆಂಟ್ ಲಾರಿ ಓಡಿಸುತ್ತಾನೆ, ನಿಜ. ಆದರೆ ಲಾರಿಯ ಸಂಬಳ ಅವನ ಮಕ್ಕಳ ಫೀಸಿಗೇ ಸರಿ. ಬೆಳಗಿನವರೆಗೂ ಈ ಕಡೆ ಆ ಕಡೆ ಹೊರಳಿದೆ. ಬೆಳಿಗ್ಗೆ ಎದ್ದು ಕೆಂಚಿಗೆ ಹಗ್ಗ ಹಾಕಲು ಹೋದಾಗ, ನನ್ನ ಕೈ ತುಟಿಯ ಹತ್ತಿರ ಬಂತೆಂದು ಅದು ತಲೆ ಮೇಲೆತ್ತಿತು. ಗಾಯ ಮಾಯ್ದು ಎಷ್ಟೋ ಕಾಲವಾಗಿತ್ತು. ಆದರೂ ಎತ್ತಿತು. ನನ್ನ ಕೈಗೇ.

ಒಳಗೆ ಹೋಗಿ ಮಿಕ್ಕ ಚಟ್ನಿಯನ್ನು ಸ್ಟೀಲ್ ಡಬ್ಬಿಗೆ ಹಾಕಿದೆ. ತುರಿಯದೆ ಉಳಿದಿದ್ದ ಅರ್ಧ ಹೋಳನ್ನು, ತುರಿದ ಖಾಲಿ ಚಿಪ್ಪನ್ನು ಚೀಲಕ್ಕೆ ಹಾಕಿಕೊಂಡೆ.

"ಅತ್ತೆ, ಅದನ್ನೆಲ್ಲಿಗೆ ತಗಂಡೋಯ್ತೀರಿ?"

"ಕೊಟ್ಟೋರಿಗೆ ಕೊಡೋಕೆ."

ಹಾಲಸ್ವಾಮಿಯವರ ಮನೆಯ ಮುಂದೆ ಚಪ್ಪರ ಏಳುತ್ತಿತ್ತು. ಜಗಲಿಯ ತುಂಬ ನೆಂಟರು. ಅವರು ಕುರ್ಚಿಯ ಮೇಲೆ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು.

"ಬಾ ರಂಗಕ್ಕ. ಭಾನುವಾರ ಹೊತ್ತು ಇಳಿಯೋದ್ರೊಳಗೆ ಕುದುರೆ ತೊಳೆದು ಕಳಿಸಿಬುಡು. ಬಣ್ಣ ಗಿಣ್ಣ ನಮ್ಮ ಹುಡುಗ್ರೇ ಬಳೀತಾರೆ."

"ಅದಕ್ಕೇ ಬಂದೆ ಸ್ವಾಮಿ. ನಿಮ್ಮ ಬರೀ ಕಾಯಿ ವಾಪಸ್ ತಗಳಿ." ಚೀಲವನ್ನು ಜಗಲಿಯ ಮೇಲಿಟ್ಟು ಡಬ್ಬಿಯ ಮುಚ್ಚಳ ತೆಗೆದೆ.

"ಇದೇನಿದು?"

"ಅರ್ಧ ಹೋಳಾಗೈತೆ, ಅರ್ಧ ಚಟ್ನಿ ಆಗೈತೆ. ಸೊಸೆ ಗೊತ್ತಿಲ್ದೆ ಅರೆದವ್ಳೆ. ರಾತ್ರಿ ಒಸಿ ತಿಂದುಬುಟ್ಟವ್ರೆ ಮಕ್ಕಳು, ಅದಕ್ಕೆ ಬೇರೆ ಕಾಯಿ ತಂದುಕೊಡ್ತೀನಿ."

ಹಾಲಸ್ವಾಮಿಯವರ ಭಾವಮೈದ ತೋಂಟದಾರ್ಯ ಡಬ್ಬಿಯೊಳಗೆ ಇಣುಕಿದ. "ಒಗ್ಗರಣೆ ಹಾಕಿಲ್ವೇನಮ್ಮ?"

"ಇಲ್ಲ ಕಣಪ್ಪ. ನೀವೇ ಹಾಕ್ಕಳಿ."

ಚಪ್ಪರದ ಗಳ ಹಿಡಿದಿದ್ದವರು ನಕ್ಕರು. ಹಾಲಸ್ವಾಮಿಯವರು ನಗಲಿಲ್ಲ. "ಕಾಯಿ ಒಡೆದ ಮೇಲೆ ಮಾತು ಮುಗೀತು. ಇದು ನೆನ್ನೆ ಮೊನ್ನೆ ಬಂದ ಪದ್ಧತಿಯಲ್ಲ."

"ಪದ್ಧತಿ ನಂಗೂ ಗೊತ್ತು. ಯಾತಕ್ಕೆ ಅಂತ ಹೇಳಿ ಕೊಡೋದೂ ಪದ್ಧತಿನೇ. ಕರೆಯೋ ಕಾಯಿ ಕೆಳಗೆ ಮಡಗಿ ಕೊಡೋದು ಯಾವ ಪದ್ಧತಿ?"

ಗುರುಶಾಂತಮ್ಮ ಬಾಗಿಲಿಗೆ ಬಂದರು. "ನಾನು ಮೋಸ ಮಾಡಿದೆ ಅಂತೀಯೇನೆ ರಂಗಿ?"

"ನಾನಿಲ್ಲದ ಹೊತ್ತು ನೋಡ್ಕಂಡು ಬಂದ್ರಿ ತಾಯಿ. ನನ್ನ ಕೇಳಿದ್ರೆ ಇಲ್ಲ ಅಂತಿದ್ದೆ. ಅದು ನಿಮಗೆ ಗೊತ್ತಿತ್ತು."

ಹಾಲಸ್ವಾಮಿಯವರು ಕುರ್ಚಿಯಿಂದ ಎದ್ದರು.

"ನಿನ್ನ ಮಗನ ಮದ್ವೇಲಿ ಹಂಡೆ ಯಾರ್ದು?"

"ನಿಮ್ಮದು."

"ಚಪ್ಪರದ ಗಳ?"

"ನಿಮ್ಮವೇ."

"ಇಲ್ಲ ಅಂದಿದ್ನಾ ನಾನು?"

"ಇಲ್ಲ."

ಜಗಲಿಯಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಮಾತಿನಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಆ ಹಂಡೆಯಲ್ಲಿ ಬೆಂದ ಅನ್ನವನ್ನೇ ನನ್ನ ಬೀಗರು ಉಂಡದ್ದು.

"ಹುಣಿಸೇಹಣ್ಣು ಹಾಕಿ ತಿಕ್ಕಿ, ಬೆಳ್ಳಿ ಹಂಗೆ ಮಾಡಿ, ನಾನೇ ಹೊತ್ಕಂಬಂದು ಇದೇ ಜಗಲಿ ಮೇಲೆ ಇಳಿಸಿದ್ದೆ ಸ್ವಾಮಿ. ಸೊಟ್ಟ ಆಗಿದ್ರೆ ಬಡಿದು ನೆಟ್ಟಗೆ ಮಾಡಿಸಿಕೊಡ್ತಿದ್ದೆ. ಕೆಂಚಿ ಹಂಡೆಯಲ್ಲ. ಅದರ ಬಾಯಿ ಸೀಳಿದ್ರೆ ಯಾರು ಬಡಿದು ಸರಿ ಮಾಡ್ತಾರೆ?"

"ಓಹೋ. ನಿಮ್ಮೋರ ಮದ್ವೆಗೆ ಕಳಿಸ್ದಾಗ ಸೀಳ್ಳಿಲ್ಲ, ನಮ್ಮ ಮದ್ವೆಗೆ ಕೇಳಿದ್ರೆ ಸೀಳ್ತದೆ."

ಅದು ಕೆಟ್ಟ ಮಾತು. ಅಷ್ಟು ಜನರ ಮುಂದೆ ನಾನು ಜಾತಿ ಎಣಿಸಿ ಕುದುರೆ ಕೊಡುವವಳೆಂದು ಹೇಳಿದಂತಾಯಿತು. "ಕಬ್ಬಿಣ ತುರುಕಿ, ಪಟಾಕಿ ಹಚ್ಚಿ ಸೀಳಿದ್ದೇ ಅವರು! ನಮ್ಮೋರೇ! ನನ್ನ ತಮ್ಮನ ಮಗನ ಮದ್ವೇಲೇ! ಬೇಕಾದ್ರೆ ಬಂದು ಅದರ ಬಾಯಿ ನೋಡಿ!"

ಆಗ ಮದುವೆಯ ಹುಡುಗ ಉಜ್ವಲ್ ಒಳಗಿನಿಂದ ಬಂದ. ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕೆಟ್ಟ ಹುಡುಗನಲ್ಲ.

"ಅಜ್ಜಿ, ಕಬ್ಬಿಣ ಹಾಕ್ಸಲ್ಲ. ಪಟಾಕಿ ಬೇಡ ಅಂತೀನಿ. ನಾನೇ ಹುಷಾರಾಗಿ ಕೂತ್ಕತೀನಿ."

ಕೇಳಿದ ರೀತಿ ಚೆನ್ನಾಗಿತ್ತು. ಮನೆಯಲ್ಲಿ ಇವನೊಬ್ಬನೇ ಕೇಳಿದ್ದು. ನನ್ನ ಮನಸ್ಸು ಒಂದಿಷ್ಟು ವಾಲಿತು. ಇವನನ್ನು ನಂಬಿದರೆ ಸಿಪ್ಪೆಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ.

"ಹಗ್ಗ ಯಾರು ಹಿಡೀತಾರಪ್ಪ?"

"ಫ್ರೆಂಡ್ಸು."

"ನಾನು ಹಿಡೀಲಾ?"

ಉಜ್ವಲ್ ಅಪ್ಪನ ಕಡೆ ನೋಡಿದ. "ಮೆರವಣಿಗೆ ಮುಂದೆ ಈ ಮುದುಕಿನಾ? ವಿಡಿಯೋದಲ್ಲಿ ಬರ್ತದೆ ಕಣ್ಲಾ," ಎಂದರು ಹಾಲಸ್ವಾಮಿ.

"ಮುಂದೆ ಏನು ಬಾರಿಸ್ತಾರೆ?" ನಾನು ಉಜ್ವಲ್‌ನನ್ನೇ ಕೇಳಿದೆ.

"ಡಿಜೆ."

"ಕುದುರೆ ಬೆದರ್ತು ಅನ್ಕೋ. ಮೇಲೆ ಕೂತು ನೀನು ನಿಲ್ಸಿ ಅಂದ್ರೆ ಅವರಿಗೆ ಕೇಳಿಸ್ತದಾ?"

ಅವನು ಯೋಚಿಸಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಕೇಳ್ಸಲ್ಲ ಅಜ್ಜಿ."

"ಹಂಗಾರೆ ಕೊಡಲ್ಲ ಕಣಪ್ಪ."

"ಇನ್ನು ಯಾರ ಮನೆ ಸಿಪ್ಪೆ ಹೊರ್ತೀಯೋ ನಾನೂ ನೋಡ್ತೀನಿ!" ಎಂದು ಹಾಲಸ್ವಾಮಿಯವರು ಕೂಗಿದರು. ನಾನು ಆಗಲೇ ಚಪ್ಪರ ದಾಟಿದ್ದೆ. ಡಬ್ಬಿ ಅಲ್ಲೇ ಉಳಿಯಿತು. ಬೇರೆ ಕಾಯಿಯನ್ನು ಮಧ್ಯಾಹ್ನವೇ ಅವರ ಜಗಲಿಗೆ ಮುಟ್ಟಿಸಿದೆ.

ಮನೆಗೆ ಬಂದರೆ ಗಂಗಲಕ್ಷ್ಮಿಯ ಸರದಿ. "ಒಂದು ಸಂಜೆಗೋಸ್ಕರ ಹೊಟ್ಟೆ ಮೇಲೆ ಹೊಡ್ಕಂಡ್ರಲ್ಲ ಅತ್ತೆ! ಇನ್ನೊಂದ್ಸಲ ಗಂಜಿ ಕುಡಿಸಿದ್ರೆ ಆಗ್ತಿತ್ತು." ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಸಂಜೆ ತಮ್ಮ ಬಾಲರಾಜು ಬಂದ. ಯಾರೋ ಕಳಿಸಿದ್ದರು, ಮುಖ ನೋಡಿದರೇ ತಿಳಿಯುತ್ತಿತ್ತು.

"ಅಕ್ಕ, ಊರೆಲ್ಲ ಆಡ್ಕತಾ ಅವ್ರೆ. ಕೊಟ್ಟುಬುಡು. ನಮ್ಮ ಮದ್ವೆಗೆ ಕೊಟ್ಟಿದ್ಯಲ್ಲ, ಏನಾಯ್ತು? ಏನೂ ಆಗ್ಲಿಲ್ವಲ್ಲ."

ನಾನು ಅವನ ರಟ್ಟೆ ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದೆ. ಅವನ ಬೆರಳನ್ನು ಕೆಂಚಿಯ ತುಟಿಯ ಮೂಲೆಗೆ ಒತ್ತಿ ಹಿಡಿದೆ. ಅಲ್ಲಿ ಗಟ್ಟಿಯಾದ ಗಂಟು ಇದೆ. ಕೆಂಚಿ ಗೋಡೆಯವರೆಗೂ ಹಿಂದಕ್ಕೆ ಸರಿಯಿತು.

"ಇದು ಆಯ್ತು. ನೋಡು. ಇದು!"

ಅವನು ಬೆರಳು ತೆಗೆದು ಪಂಚೆಗೆ ಒರೆಸಿಕೊಂಡ. "ಒಂದು ಮಾತು ಹೇಳಬಾರದಾಗಿತ್ತಾ ಅಕ್ಕ?"

"ರವಿಕೆ ಕಣ ಮುಂಚೆ ಕೊಡಿಸಿ ಬಾಯಿ ಮುಚ್ಚಿಸಿದ್ಯಲ್ಲೋ! ಹೆಂಗೆ ಹೇಳಲಿ? ನೀನಾದ್ರೂ ಬಂದು ಒಂದಿನ ನೋಡಿದ್ಯಾ?"

ಬಾಲರಾಜು ಚಪ್ಪಲಿ ಮೆಟ್ಟಿಕೊಂಡು ಹೋದ. ಕಾಫಿ ತಂದ ಗಂಗಲಕ್ಷ್ಮಿ ಲೋಟ ಹಿಡಿದುಕೊಂಡೇ ನಿಂತಿದ್ದಳು.

ಭಾನುವಾರ ನಾನು ಮದುವೆಗೆ ಹೋದೆ. ಯಾಕೆ ಹೋಗಬಾರದು? ಕುಂಕುಮದ ಕಾಯಿಯನ್ನು ನಮ್ಮ ಮನೆ ತೆಗೆದುಕೊಂಡಿತ್ತು, ಅದಕ್ಕೆ ನಾನು ಇಲ್ಲ ಅಂದಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟೆ. ಉಜ್ವಲ್ ತೆರೆದ ಜೀಪಿನಲ್ಲಿ ಬಂದ. ಡಿಜೆ ಸದ್ದಿಗೆ ಕಲ್ಯಾಣ ಮಂಟಪದ ಕಿಟಕಿಯ ಗಾಜು ಅದುರುತ್ತಿತ್ತು. "ಕುದುರೆ ಎಲ್ಲಿ ರಂಗಕ್ಕ, ನೀನೇ ಹತ್ಕಂಡು ಬರಬೇಕಾಗಿತ್ತು," ಎಂದು ಹಿಂದೆ ಯಾರೋ ಅಂದರು. ಹೆಂಗಸರು ನಕ್ಕರು. ನಾನು ತಿರುಗಿ ನೋಡಲಿಲ್ಲ. ಅಕ್ಷತೆ ಹಾಕಿ, ಮದುಮಕ್ಕಳಿಗೆ ಒಳ್ಳೆಯದಾಗಲಿ ಎಂದು ಮನಸ್ಸಿನಿಂದಲೇ ಹೇಳಿ, ಪಂಕ್ತಿಯಲ್ಲಿ ಕುಳಿತೆ.

ಹಾಲಸ್ವಾಮಿಯವರು ಸ್ವತಃ ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದರು. ಎಲ್ಲರಿಗೂ "ನಿಧಾನ, ನಿಧಾನ, ಸಾವಕಾಶವಾಗಿ ಊಟ ಮಾಡಿ" ಎನ್ನುತ್ತಿದ್ದವರು ನನ್ನ ಎಲೆಯ ಮುಂದೆ ನಿಂತರು.

"ಹೊಟ್ಟೆ ತುಂಬ ಉಣ್ಣು ರಂಗಕ್ಕ. ನಾಳೆಯಿಂದ ನಮ್ಮ ಕೊಬ್ಬರಿ ಮನೆ ಹತ್ರ ಬರಬ್ಯಾಡ."

"ಆಗ್ಲಿ ಸ್ವಾಮಿ. ತುಪ್ಪ ಬುಡಿ."

ಬಿಟ್ಟರು. ಎಲೆ ಬಳಿದು ಉಂಡೆ.

ಮಾರನೆಯ ದಿನ ಬೆಳಿಗ್ಗೆ ನಾನೂ ಗಂಗಲಕ್ಷ್ಮಿಯೂ ಕೆಂಚಿಯ ಬೆನ್ನ ಮೇಲೆ ಖಾಲಿ ಗೋಣಿ ಹಾಕಿ ಕೆಂಕೆರೆಯ ದಾರಿ ಹಿಡಿದೆವು. ಅಲ್ಲಿ ಮರುಳಸಿದ್ದಯ್ಯ ಎಂಬವರ ತೋಟದಲ್ಲಿ ಸಿಪ್ಪೆ ಬಿದ್ದಿದೆ ಎಂದು ಕೇಳಿದ್ದೆ. ಹತ್ತಿರದ ದಾರಿಯೇನಲ್ಲ. ಗಂಗಲಕ್ಷ್ಮಿ ಊರು ದಾಟುವ ಮೊದಲೇ ಬೈಯಲು ಶುರು ಮಾಡಿದಳು. ಹಾಲಸ್ವಾಮಿಯವರನ್ನು ಬೈದಳು, ಬಾಲರಾಜುವನ್ನು ಬೈದಳು, ಹೆಚ್ಚಾಗಿ ನನ್ನನ್ನೇ ಬೈದಳು. ಬಿಸಿಲು ಏರಿತು. ಅವಳ ಹಿಮ್ಮಡಿ ಒಡೆದಿತ್ತು, ಕುಂಟುತ್ತಿದ್ದಳು.

"ನಿಮ್ಮ ಮಹಾರಾಣಿ ಬರೀ ಬೆನ್ನಲ್ಲಿ ಹೋಯ್ತಾವ್ಳೆ. ನಾವು ಕಾಲು ಸವೆಸ್ಕಂಡು ಹೋಯ್ತಿದೀವಿ. ನಂಗಾದ್ರೂ ಹತ್ತು ಅಂತೀರಾ? ಅನ್ನಲ್ಲ!"

ನಾನು ನಿಂತೆ. ಹಗ್ಗ ನನ್ನ ಕೈಯಲ್ಲೇ ಇತ್ತು. ಮುಂದೆ ಕೆಂಪು ಮಣ್ಣಿನ ದಾರಿ, ಎರಡೂ ಕಡೆ ತೆಂಗಿನ ಮರಗಳು, ಬೇರೆ ಸದ್ದೇ ಇಲ್ಲ.

"ಹತ್ತು," ಎಂದೆ.

ಅವಳು ನನ್ನ ಮುಖ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ದಾರಿ ಬದಿಯ ಕಲ್ಲಿನ ಮೇಲೆ ಕಾಲಿಟ್ಟು, ಸೀರೆ ಎತ್ತಿ ಕಟ್ಟಿ, ಕೆಂಚಿಯ ಜೂಲು ಹಿಡಿದು ಹತ್ತಿದಳು. ಕೆಂಚಿ ಕಿವಿ ಒಮ್ಮೆ ಹಿಂದೆ ತಿರುಗಿಸಿತು. 'ಬಾ' ಎಂದೆ, ನಡೆಯಿತು.

ಗಂಗಲಕ್ಷ್ಮಿ ಮೇಲೆ ಕುಳಿತ ಮೇಲೂ ಬೈಯುವುದನ್ನು ನಿಲ್ಲಿಸಲಿಲ್ಲ. ಈಗ ಬೈಗುಳ ಮೇಲಿನಿಂದ ಬರುತ್ತಿತ್ತು, ಅಷ್ಟೇ.