ನಾಲ್ಕನೆಯ ಬಟನ್

ಶುಕ್ರವಾರದೊಳಗೆ ಹೇಳಬೇಕು ಎಂದು ಕಂಪ್ಯೂಟರ್ ವಿಭಾಗದವನು ಗಡುವು ಕೊಟ್ಟಿದ್ದ. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಅವನು ವೈರಪ್ಪ. ಲ್ಯಾಬಿನಲ್ಲಿ ವರದಿ ಟೈಪ್ ಮಾಡುವವಳ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇಟ್ಟಿದ್ದ. ಎಡಗಡೆಯದು ಅವಳ ಹಳೆಯದು, ಬಲಗಡೆಯದು ಹೊಸದು. ಎರಡರ ಆಪರೇಟಿಂಗ್ ಸಿಸ್ಟಂ ಬೇರೆ ಬೇರೆ.

"ಮೀನಮೇಷ ಎಣಿಸ್ತಾ ಕೂರ್ಬೇಡಿ ಮೇಡಂ. ಒಂದನ್ನ ಇಟ್ಕೊಳ್ಳಿ, ಇನ್ನೊಂದನ್ನ ಹೊತ್ಕೊಂಡು ಹೋಗ್ತೀನಿ. ನನ್ನ ಸೊಂಟಾನೂ ಸ್ವಲ್ಪ ನೋಡಿ."

"ನೋಡೋದೊಂದು ಬಿಟ್ಟು ಬೇರೇನಾದ್ರೂ ಕೇಳಪ್ಪ," ಎಂದಳು.

ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಗಡ್ಡೆಗಳಿಂದ ತೆಗೆದ ಚೂರನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಡಾಕ್ಟರು ಹೇಳಿ ರೆಕಾರ್ಡ್ ಮಾಡಿದ ವರದಿಗಳನ್ನು ಟೈಪ್ ಮಾಡುವುದು ಕೆಲಸ. ಬಲಗಿವಿಯಲ್ಲಿ ಡಾಕ್ಟರ ಮಾತು, ಎಡಗಿವಿಯಲ್ಲಿ ಅವಳು ಟೈಪ್ ಮಾಡಿದ್ದನ್ನು ಓದಿ ಹೇಳುವ ಯಂತ್ರದ ದನಿ. ದಿನಕ್ಕೆ ನಲವತ್ತು ವರದಿ. ಹನ್ನೊಂದು ವರ್ಷದಲ್ಲಿ ಯಾರನ್ನೂ ಪಕ್ಕಕ್ಕೆ ಕರೆದು ಇದನ್ನು ಸ್ವಲ್ಪ ಓದಿ ಎಂದು ಕೇಳಿರಲಿಲ್ಲ. ಉಳಿದದ್ದೆಲ್ಲ ಹೋದರೂ ಅದೊಂದು ಇರಲಿ ಎಂಬುದು ಅವಳ ಆಸೆ.

ಹಳೆಯದರ ದನಿ ತಗಡು ಕೆರೆದ ಹಾಗೆ. ಬೇರೆಯವರಿಗೆ ಅದು ಮಾತು ಎಂದೇ ತಿಳಿಯದಷ್ಟು ವೇಗದಲ್ಲಿ ಅವಳು ಅದನ್ನು ಓಡಿಸುತ್ತಿದ್ದಳು, ಆದರೂ ಒಂದಕ್ಷರವೂ ಕಿವಿ ತಪ್ಪುತ್ತಿರಲಿಲ್ಲ. ಹೊಸದರ ದನಿ ಮನುಷ್ಯರದೇ. ನಿಲ್ಲುವಲ್ಲಿ ನಿಲ್ಲುತ್ತಿತ್ತು, ಮೆತ್ತಗೆ ಮಾತಾಡುತ್ತಿತ್ತು. ವೇಗ ಹೆಚ್ಚಿಸಿದರೆ ಮಾತೆಲ್ಲ ಕಲಸಿದ ಹಿಟ್ಟು. ಹಳೆಯ ದನಿಯನ್ನೇ ಹೊಸದಕ್ಕೆ ಹಾಕಿಕೊಡು ಎಂದರೆ, ಹೊರಗಿನದೇನನ್ನೂ ಹಾಕುವಂತಿಲ್ಲ, ನಿಯಮ ಎಂದ ವೈರಪ್ಪ.

ಹೊಸದಕ್ಕೂ ಒಂದು ಗುಣವಿತ್ತು. ವರದಿಯ ನಮೂನೆಯ ಕೆಳಗಿದ್ದ ಐದು ಬಟನ್‌ಗಳನ್ನು ಅದು ಹೆಸರು ಹಿಡಿದು ಹೇಳುತ್ತಿತ್ತು: ಅಳಿಸು, ಉಳಿಸು, ಮುದ್ರಿಸು, ಡಾಕ್ಟರ ಸಹಿಗೆ, ರೋಗಿಯ ಫೋನಿಗೆ. ಹಳೆಯದು ಐದಕ್ಕೂ ಬಟನ್, ಬಟನ್ ಎಂದಷ್ಟೇ ಅನ್ನುತ್ತಿತ್ತು. ಅವಳು ಎಣಿಸಿಕೊಂಡಿದ್ದಳು. ವರದಿ ಮುಗಿದ ಮೇಲೆ ಮುಂದಿನ ಬಟನ್‌ಗೆ ದಾಟಿಸುವ ಕೀಲಿಯನ್ನು ನಾಲ್ಕು ಸಲ ಒತ್ತಿ ಎಂಟರ್ ಹೊಡೆದರೆ ಡಾಕ್ಟರ ಸಹಿಗೆ ಹೋಗುತ್ತದೆ. ಮನೆಯ ಮೆಟ್ಟಿಲು ಎಣಿಸಿದ ಹಾಗೆ. ಮೆಟ್ಟಿಲಿಗೂ ಯಾರೂ ಹೆಸರಿಟ್ಟಿರಲಿಲ್ಲ.

ಮನೆಯಲ್ಲಿ ಜೊತೆಗಿದ್ದ ನಾದಿನಿಗೆ ವಿಷಯ ಹೇಳಿದಳು. ಹೊಸದನ್ನೇ ತಗೊಳ್ಳಿ, ಕಾಲ ಎಲ್ಲಿಗೋ ಹೋಗಿದೆ ಎಂಬುದು ನಾದಿನಿಯ ವಾದ.

"ಮನುಷ್ಯರ ಥರ ಮಾತಾಡುತ್ತೆ ಅಂತೀರಲ್ಲ ಅತ್ತಿಗೆ, ಇನ್ನೇನು ತೊಂದರೆ?"

"ಅದೇ ತೊಂದರೆ."

ಹಳೆಯದನ್ನು ಹಾಕಿಕೊಟ್ಟವನು ನಾದಿನಿಯ ಅಣ್ಣನೇ, ಅವಳ ಗಂಡ. ರೇಡಿಯೋ ರಿಪೇರಿಯವನು. ವಾರಗಟ್ಟಲೆ ಪಕ್ಕದಲ್ಲಿ ಕೂತು, ಇದು ಬೇಕಾ, ಇದು ಬೇಡವಾ ಎಂದು ಕೇಳಿ ಕೇಳಿ, ಒಂದೊಂದು ಕೀಲಿಯನ್ನೂ ಹೆಂಡತಿಯ ಬೆರಳಿಗೆ ಹೊಂದಿಸಿದ್ದ. ಅವನು ತೀರಿಹೋಗಿ ಎಂಟು ತಿಂಗಳು. ಅವನ ವರದಿಯೂ ಇದೇ ಮೇಜಿನಲ್ಲಿ ಟೈಪಾದದ್ದು. ಹೆಸರನ್ನೂ ರೋಗವನ್ನೂ ತಗಡಿನ ದನಿ ನಾಲ್ಕು ಸೆಕೆಂಡಿನಲ್ಲಿ ಓದಿ ಮುಗಿಸಿತ್ತು. ಅವಳು ಸಹಿಗೆ ಕಳಿಸಿ ಮುಂದಿನದನ್ನು ತೆಗೆದುಕೊಂಡಿದ್ದಳು.

ಶುಕ್ರವಾರ ಹಳೆಯದೇ ಇರಲಿ ಎಂದಳು. ಕೆಟ್ಟರೆ ತನ್ನನ್ನು ಕರೆಯುವಂತಿಲ್ಲ ಎಂದು ವೈರಪ್ಪ ಬರೆಸಿಕೊಂಡ. ಹೊಸದನ್ನು ಹೊತ್ತುಕೊಂಡು ಹೋದ.

ಮೂರು ವಾರ ಎಲ್ಲ ಸರಿಯಾಗಿಯೇ ನಡೆಯಿತು. ನಾಲ್ಕನೆಯ ವಾರ, ಒಂದು ಮಂಗಳವಾರ, ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನ ಕಿಟಕಿಯ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಯಾರನ್ನು ಕೇಳಬೇಕೆಂದು ಆ ಹೆಂಗಸಿಗೆ ತಿಳಿದಂತಿರಲಿಲ್ಲ.

"ಫೋನಿಗೆ ರಿಪೋರ್ಟ್ ಬಂತು. ಬಸ್ಸಲ್ಲಿದ್ದೆ, ಕನ್ನಡಕ ತಂದಿರ್ಲಿಲ್ಲ. ಪಕ್ಕದಲ್ಲಿ ಕೂತಿದ್ದೋರ ಹತ್ರ ಓದಿಸ್ದೆ. ಅವರು ಅರ್ಧಕ್ಕೇ ನಿಲ್ಲಿಸ್ಬಿಟ್ರು. ಪೂರ್ತಿ ಏನಿದೆ, ಹೇಳ್ತೀರಾ?"

ಸಹಿಯಾಗದ ವರದಿ ರೋಗಿಗೆ ಹೋಗುವಂತೆಯೇ ಇಲ್ಲ. ಮೊದಲು ಡಾಕ್ಟರು ಕರೆಸಿ, ಕೂರಿಸಿ ಹೇಳಬೇಕು. ಅವಳು ಹೆಂಗಸನ್ನು ಬೆಂಚಿನ ಮೇಲೆ ಕೂರಿಸಿ, ಡಾಕ್ಟರು ಬರುತ್ತಾರೆ ಎಂದು ಹೇಳಿ, ಒಳಗೆ ಬಂದು ಕಳಿಸಿದ ಪಟ್ಟಿ ತೆಗೆದಳು. ಡಾಕ್ಟರ ರೆಕಾರ್ಡಿಂಗ್ ತಡವಾಗಿ ಬಂದದ್ದರಿಂದ ಆ ದಿನ ಬೆಳಿಗ್ಗೆ ಟೈಪ್ ಮಾಡಿದ್ದು ಏಳೇ ವರದಿ; ಏಳೂ ರೋಗಿಗಳ ಫೋನಿಗೇ ಹೋಗಿದ್ದವು.

ಮುದ್ರಿಸುವ ಬಟನ್ ಇನ್ನು ಬೇಡ, ಕಾಗದ ಉಳಿಯಲಿ ಎಂದು ಹಿಂದಿನ ಸಂಜೆ ತೆಗೆದುಹಾಕಿದ್ದರು. ಐದಿದ್ದದ್ದು ನಾಲ್ಕಾಗಿ, ನಾಲ್ಕನೆಯದು ರೋಗಿಯ ಫೋನಿನದಾಗಿತ್ತು. ಎಲ್ಲರಿಗೂ ಸುತ್ತೋಲೆ ಕಳಿಸಿದ್ದೆನಲ್ಲ ಎಂದ ವೈರಪ್ಪ. ಕಳಿಸಿದ್ದು ನಿಜ. ಕಾಗದದ ಮೇಲೆ ಬರೆದು, ಫೋಟೋ ತೆಗೆದು ಕಳಿಸಿದ್ದ. ತಗಡಿನ ದನಿ ಬೆಳಿಗ್ಗೆ ಚಿತ್ರ ಎಂದಷ್ಟೇ ಹೇಳಿತ್ತು. ಯಾರೋ ಹೂವಿನ ಪಟ ಕಳಿಸಿರಬೇಕು ಎಂದುಕೊಂಡು ಅವಳು ದಾಟಿ ಹೋಗಿದ್ದಳು.

ತಾನೇ ಎದ್ದು ಡಾಕ್ಟರ ಕೋಣೆಗೆ ಹೋದಳು. ಏಳೂ ವರದಿಗಳ ನಂಬರ್ ಹೇಳಿದಳು. ಎಣಿಸಿ ಒತ್ತುತ್ತಿದ್ದೆ ಎಂಬುದನ್ನೂ ಹೇಳಿದಳು. ಡಾಕ್ಟರು ಮೊದಲು ಬೆಂಚಿನ ಬಳಿಗೆ ಹೋದರು, ಆಮೇಲೆ ಉಳಿದ ಆರು ಜನಕ್ಕೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿದರು. ಅವಳು ಅಲ್ಲೇ ನಿಂತಿದ್ದಳು. ಎಲ್ಲ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ನಿಮ್ಮ ತಪ್ಪು ಅಂತ ನಾನು ಹೇಳಲ್ಲಮ್ಮ. ನಾಳೆಯಿಂದ ಪಕ್ಕದಲ್ಲಿ ಒಬ್ಬರನ್ನ ಕೂರಿಸ್ತೀನಿ. ಕಳ್ಸೋ ಮುಂಚೆ ಅವರು ಒಂದ್ಸಲ ನೋಡ್ಲಿ."

ಬಸ್ಸಿನಲ್ಲಿ ಅರ್ಧಕ್ಕೇ ಓದು ನಿಲ್ಲಿಸಿದವರ ನೆನಪಾಯಿತು ಅವಳಿಗೆ.

"ಯಾರೂ ಬೇಡ ಸರ್. ಆ ಇನ್ನೊಂದು ಕಂಪ್ಯೂಟರ್ ತರಿಸಿ."

ಅದರಲ್ಲಿ ನಲವತ್ತು ಆಗುವುದಿಲ್ಲವಲ್ಲ ಎಂದರು ಡಾಕ್ಟರು. ಆಗುವುದಿಲ್ಲ, ಹದಿನೈದು ಆಗಬಹುದು. ಬೇರೆ ಕೆಲಸಕ್ಕೆ ಹಾಕುವುದಾದರೆ ಹಾಕಿ ಎಂದಳು. ಒಂದು ತಿಂಗಳು ನೋಡೋಣ ಎಂದರು ಅವರು.

ಮರುದಿನ ವೈರಪ್ಪ ಹೊಸದನ್ನು ಹೊತ್ತುಕೊಂಡು ಬಂದ. ಸೊಂಟದ ಮಾತು ಎತ್ತಲಿಲ್ಲ. ಹಳೆಯದರ ತಂತಿಗಳನ್ನು ಕಳಚುವ ಮುನ್ನ, ಇದರಲ್ಲಿರುವುದು ಏನಾದರೂ ಬೇಕೇ ಎಂದು ಕೇಳಿದ. ಅದರಲ್ಲಿದ್ದವು ಕೀಲಿಗಳ ಹೊಂದಾಣಿಕೆಗಳು ಮಾತ್ರ. ಇನ್ನೊಂದು ಸಿಸ್ಟಂಗೆ ಅವು ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

"ಏನಿಲ್ಲ. ತಗೊಂಡು ಹೋಗು."

ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಮೊದಲ ವರದಿ ಟೈಪ್ ಮಾಡಿದಳು. ಐವತ್ತೆರಡು ವರ್ಷದ ಗಂಡಸು. ಓದಿಸಿದಳು. ವೇಗ ಏರಿಸಿದಳು, ಮಾತು ಕಲಸಿಹೋಯಿತು. ಒಂದೊಂದೇ ಹಂತ ಇಳಿಸಿದಳು. ಆ ದನಿ ನಡುನಡುವೆ ನಿಂತು, ಪಕ್ಕದಲ್ಲಿ ಕೂತು ಸಮಾಧಾನ ಮಾಡುವವರ ಹಾಗೆ, ಆ ಗಂಡಸಿಗೆ ಏನಾಗಿದೆ ಎಂದು ಹೇಳತೊಡಗಿತು. ನಿಲ್ಲಿಸುವ ಹಾಗಿರಲಿಲ್ಲ. ಕೈ ಮಡಿಚಿಕೊಂಡು ಕೊನೆಯ ಸಾಲಿನವರೆಗೂ ಕೇಳಿದಳು.

ಆ ದಿನ ಒಂಬತ್ತು ವರದಿಗಳಾದವು.